ನೆರಳಿನ ಆಟಕ್ಕೆ ಬಿಸಿಲಲ್ಲಿ ಜಾಗ ಕೊಟ್ಟರೆ ಹೇಗೆ?

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಉತ್ಸವದಲ್ಲಿ, ಚರ್ಮದ ಗೊಂಬೆಗಳ ನೆರಳನ್ನು ಪರದೆ ಮೇಲೆ ಆಡಿಸುವ ತೊಗಲುಗೊಂಬೆಯಾಟದ ತಂಡಕ್ಕೆ ಸಂಜೆ 4 ಗಂಟೆಗೆ ಸಮಯ ಕೊಟ್ಟಿದ್ದರು. ಬರೀ 20 ನಿಮಿಷ. ಬಿಸಿಲು ಇನ್ನೂ ವೇದಿಕೆ ಮೇಲೇ ಇತ್ತು. ಬಿಳಿ ಪರದೆ ಕಟ್ಟಿದರು, ಹಿಂದೆ ದೀಪ ಹಚ್ಚಿದರು. ಏನೂ ಕಾಣಲಿಲ್ಲ. ಕಡೆಗೆ ಗೊಂಬೆ ಆಡಿಸುವ ಅಜ್ಜ ಪರದೆ ಸರಿಸಿ, ರಾವಣನ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ಜನರಿಗೆ ತೋರಿಸಿದರು, ಅಂಗಡಿಯವರು ಸೀರೆ ಬಿಚ್ಚಿ ತೋರಿಸುವ ಹಾಗೆ. ಹಾರ್ಮೋನಿಯಂ ಮುಂದೆ ಕೂತಿದ್ದ ಅವರ ಹೆಂಡತಿ ತಲೆ ಎತ್ತಲೇ ಇಲ್ಲ. ರಾತ್ರಿ 8ಕ್ಕೆ, ಕತ್ತಲು ಚೆನ್ನಾಗಿ ಬಿದ್ದ ಮೇಲೆ, ಅದೇ ವೇದಿಕೆಯಲ್ಲಿ ಸಿನಿಮಾ ಹಾಡುಗಳು ಶುರುವಾದವು.

ಯಾರೂ ಬೇಕಂತ ಮಾಡಿದ್ದಲ್ಲ. ಈ ಆಟಕ್ಕೆ ಕತ್ತಲು ಬೇಕು ಅನ್ನೋದು ಪಟ್ಟಿ ಮಾಡಿದವರಿಗೆ ಗೊತ್ತೇ ಇರಲಿಲ್ಲ. ನನಗೆ ಅದೇ ಜಾಸ್ತಿ ಬೇಜಾರು.

ಆಗಿರುವುದನ್ನು ಇಲ್ಲ ಅನ್ನುವುದಿಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗೆಲ್ಲ ಅಕಾಡೆಮಿಗಳಿವೆ. 2019ರಲ್ಲಿ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ತೃತೀಯ ಲಿಂಗಿಯೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. 2025ರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತು ದಾಟಿದ ಮೇಲೆ, ಇದೇ ತೊಗಲುಗೊಂಬೆಯಾಟಕ್ಕೆ ಪದ್ಮಶ್ರೀ ಬಂತು. ಅವತ್ತು ನಾವೂ ಕುಣಿದಾಡಿದೆವು. ಆದರೆ ಪ್ರಶಸ್ತಿ ಒಬ್ಬರಿಗೆ. ಉಳಿದವರಿಗೆ ಸಿಗುವುದು ಅರ್ಜಿ ಫಾರಂ.

ಮಾಸಾಶನಕ್ಕೆ ಅಂತ ಅದೇ ಅಜ್ಜನನ್ನು ಕಚೇರಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಕಲಾವಿದರು ಅನ್ನೋದಕ್ಕೆ ದಾಖಲೆ ಕೇಳಿದರು. ಪ್ರಮಾಣಪತ್ರ, ಫೋಟೊ, ಪೇಪರ್ ಕಟಿಂಗ್. ಇವರು ಆಡಿದ್ದೆಲ್ಲ ಊರ ಗುಡಿ ಮುಂದೆ. ಮಳೆ ಕೈಕೊಟ್ಟಾಗ ಜನ ಕರೆಸುತ್ತಿದ್ದರು. ರಾತ್ರಿಯಿಡೀ ಆಟ, ಬೆಳಗ್ಗೆ ಜೋಳ ಅಳೆದು ಕೊಡುತ್ತಿದ್ದರು. ಜೋಳಕ್ಕೆ ಯಾರು ರಸೀದಿ ಬರೆಯುತ್ತಾರೆ? ಅಜ್ಜ ಚೀಲದಿಂದ ಒಂದು ಗೊಂಬೆ ತೆಗೆದು ಮೇಜಿನ ಮೇಲಿಟ್ಟರು. ಅವರಪ್ಪನ ಕಾಲದ್ದು. ಆಡಿನ ಚರ್ಮ, ದೀಪದ ಹೊಗೆಗೆ ಅಂಚು ಕಪ್ಪಾಗಿತ್ತು. ಮೊಣಕೈ ಹತ್ತಿರ ಹರಿದಿದ್ದನ್ನು ಬೇರೆ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು.

"ಇದಕ್ಕಿಂತ ದಾಖಲೆ ಬೇಕೇನ್ರೀ ಸಾಹೇಬ್ರ?" ಅಂದರು.

ಗುಮಾಸ್ತರು ಒಳ್ಳೆಯವರೇ, ನಕ್ಕರು. ಅರ್ಜಿ ಮಾತ್ರ ತಗೊಳ್ಳಲಿಲ್ಲ.

ಶಾಸ್ತ್ರೀಯ ಸಂಗೀತ ಕಲಿತವರ ಹತ್ತಿರ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಯ ಕಾಗದ ಇರುತ್ತೆ. ಅದಕ್ಕೆ ನನಗೇನೂ ಹೊಟ್ಟೆಯುರಿ ಇಲ್ಲ, ಅವರೂ ಕಷ್ಟಪಟ್ಟೇ ಕಲಿತವರು. ಆದರೆ ಇಬ್ಬರ ಕೈಗೂ ಒಂದೇ ಫಾರಂ ಕೊಟ್ಟು ಇದೇ ಸಮಾನತೆ ಅಂದರೆ ಒಪ್ಪೋದು ಹೇಗೆ, ಸರ್?

ನಾನು ಹೊಸ ಪ್ರಶಸ್ತಿ ಕೇಳುತ್ತಿಲ್ಲ. ಕಾಗದವಿಲ್ಲದ ಕಲಾವಿದರ ಊರಿಗೆ ಅಕಾಡೆಮಿಯಿಂದ ಇಬ್ಬರು ಬಂದು ಒಂದು ರಾತ್ರಿ ಆಟ ನೋಡಲಿ. ಅವರು ಬರೆದುಕೊಟ್ಟದ್ದೇ ದಾಖಲೆ ಆಗಲಿ. ಉತ್ಸವಕ್ಕೆ ಸಮಯ ಹಂಚುವಾಗ ಜಾನಪದದವರೂ ಸಮಿತಿಯಲ್ಲಿ ಕೂತಿರಲಿ, ಸುಮ್ನೆ ಹೆಸರಿಗಲ್ಲ. ಮತ್ತೆ, ಉತ್ಸವ ಮುಗಿದ ಮೇಲೆ ಯಾವ ತಂಡಕ್ಕೆ ಎಷ್ಟು ಸಂಭಾವನೆ, ಅದು ಎಷ್ಟು ದಿನಕ್ಕೆ ಕೈಸೇರಿತು ಅನ್ನೋದನ್ನು ಪ್ರಕಟಿಸಿ. ಡೊಳ್ಳು ಹೊತ್ತು ಮೆರವಣಿಗೆಯಲ್ಲಿ ನಡೆದವರಿಗೆಷ್ಟು, ರಾತ್ರಿ ವೇದಿಕೆ ಹತ್ತಿದವರಿಗೆಷ್ಟು, ಒಂದೇ ಹಾಳೆಯಲ್ಲಿ ಕಾಣಲಿ. ಆಮೇಲೆ ಕೇಳಬೇಕಾದ್ದನ್ನು ಜನವೇ ಕೇಳುತ್ತಾರೆ.

ಅಜ್ಜನ ಅರ್ಜಿ ಇನ್ನೂ ನನ್ನ ಹತ್ತಿರವೇ ಇದೆ. ಅವರ ಮಗ ಹೊಸಪೇಟೆಯಲ್ಲಿ ಗಾರೆ ಕೆಲಸ ಮಾಡುತ್ತಾನೆ. ಗೊಂಬೆ ಆಡಿಸೋಕೆ ಬರುತ್ತೆ, ಕರೆಯೋರಿಲ್ಲ. ಈ ಸಲ ಉತ್ಸವದ ಪಟ್ಟಿ ತಯಾರಾಗುವಾಗ ರಾತ್ರಿ 8ರ ಹೊತ್ತನ್ನು ಇವರಿಗೆ ಬಿಡಿಸಿಕೊಡಿ. ಪರದೆ, ದೀಪ ಅವರೇ ತರುತ್ತಾರೆ. ನಿಮ್ಮವರು ವೇದಿಕೆಯ ಲೈಟ್ ಆರಿಸಿದರೆ ಸಾಕು.

ಇಂತಿ,
ಗೊಂಬೆಯಾಟ ನೋಡುತ್ತಾ ಬೆಳೆದ ಒಬ್ಬ, ಕೊಪ್ಪಳ ಜಿಲ್ಲೆ