ತುರಹಳ್ಳಿಯಲ್ಲಿ ಗುಂಡಿ ತೋಡುವ ಮುನ್ನ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

2021ರಲ್ಲಿ ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡಿಗೆ ಟ್ರೀ ಪಾರ್ಕ್ ಬೇಡವೆಂದು ನಗರದ ಜನ ಹೋರಾಡಿದರು. ಆದರೆ ಪಾರ್ಕ್ ಆಗಲಿಲ್ಲವೆಂದ ಮಾತ್ರಕ್ಕೆ ಕಾಡು ಚೇತರಿಸಿಕೊಳ್ಳುವುದಿಲ್ಲ. ಹೊರದೇಶದಿಂದ ಬಂದ ಲಂಟಾನ ಪೊದೆ, ನೀಲಗಿರಿ ಮರಗಳು ಅಲ್ಲಿ ಬೇರುಬಿಟ್ಟಿವೆ. ವನಮಹೋತ್ಸವದ ಸಸಿಗಳಿಂದ ಅವು ಜಾಗ ಬಿಡುವುದಿಲ್ಲ.

ಲಂಟಾನವನ್ನು ಮಚ್ಚಿನಿಂದ ಸವರಿದರೆ ಮಳೆ ಬಿದ್ದೊಡನೆ ಇನ್ನಷ್ಟು ಒತ್ತಾಗಿ ಚಿಗುರುತ್ತದೆ. ಜೆಸಿಬಿ ತಂದರಂತೂ ಮಣ್ಣು ಮಗುಚಿ, ಒಳಗಿದ್ದ ಬೀಜಗಳಿಗೆ ಬೆಳಕು ಸಿಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನಕ್ಕೆ ಗುದ್ದಲಿ ಸಾಕು: ತಾಯಿಬೇರನ್ನು ನೆಲದಿಂದ 3–5 ಸೆಂ.ಮೀ. ಕೆಳಗೆ ಕಡಿದು, ಪೊದೆಯನ್ನು ಬುಡಮೇಲಾಗಿಸಿ ಒಣಗಲು ಬಿಡುವುದು. ಚಿಗುರು ಹೊರಡುವುದು ಬೇರು-ಕಾಂಡ ಕೂಡುವಲ್ಲಿ. ಅದು ಹೋದರೆ ಗಿಡವೂ ಹೋಯಿತು. ಕಾಯಿ ಹಣ್ಣಾಗುವ ಮೊದಲೇ ಕೆಲಸ ಮುಗಿಯಬೇಕು. ಹಣ್ಣು ತಿಂದ ಪಿಕಳಾರ ಹಕ್ಕಿಗಳು ಬೀಜ ಉದುರಿಸುವುದು ಕೂರುವ ಮರದಡಿಯಲ್ಲೇ. ಹಾಗಾಗಿ ಮುಂದಿನ ಮಳೆಗಾಲದಲ್ಲಿ ಮೊಳಕೆಗಳನ್ನು ಮೊದಲು ಅಲ್ಲಿ ಹುಡುಕಿ ಕೀಳಬೇಕು. ಕನಿಷ್ಠ ಮೂರು ಮಳೆಗಾಲ ಇದನ್ನು ಬಿಡುವಂತಿಲ್ಲ. ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿ. ಬರಿ ನೆಲ ಬಿಟ್ಟರೆ ಮತ್ತೆ ಲಂಟಾನವೇ ಗತಿ.

ಪೂರ್ತಿ ಒಂದೇ ಸಲ ಬೋಳಿಸುವುದೂ ಬೇಡ. ಪೊದೆ ನಂಬಿದ ಹಕ್ಕಿ, ಮೊಲಗಳಿಗೆ ಆಸರೆ ಉಳಿಯುವಂತೆ ಪಟ್ಟೆ ಪಟ್ಟೆಯಾಗಿ ತೆಗೆಯಬೇಕು.

ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ, ಸರಿ. ನಿಂತಿರುವ ಮರಗಳ ಕತೆ ಬೇರೆ. ಕಡಿದ ಬುಡ ಮತ್ತೆ ಚಿಗುರುವುದರಿಂದ ಆ ಚಿಗುರನ್ನು ಪದೇ ಪದೇ ಮುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಕಡಿದರೆ ಬಿಸಿಲು ಬಿದ್ದಲ್ಲೆಲ್ಲ ಲಂಟಾನ ನುಗ್ಗುತ್ತದೆ. ಹಂತಹಂತವಾಗಿ ವಿರಳಗೊಳಿಸುವುದೇ ಕ್ಷೇಮ.

ತುರಹಳ್ಳಿ ಕುರುಚಲು ಕಾಡು. ಬಂಡೆ, ಹುಲ್ಲು, ಮುಳ್ಳುಪೊದೆಗಳ ನಡುವಿನ ತೆರಪು ಅದರ ಸ್ವಭಾವ. ಅದನ್ನು 'ಖಾಲಿ ಜಾಗ' ಎಂದು ನಕ್ಷೆಯಲ್ಲಿ ಗುರುತಿಸಿ ಗುಂಡಿ ತೋಡಬೇಡಿ. ಸಸಿ ಬೇಕಾದಲ್ಲಿ ಸ್ಥಳೀಯವಾದ ಜಾಲಾರಿ, ದಿಂಡಿಗ, ಕಗ್ಗಲಿ, ಬಂದರೆ, ಕಾರೆ ಇರಲಿ. ರಸ್ತೆಬದಿಯ ಸಾಲುಮರಗಳ ಪಟ್ಟಿಯನ್ನು ಇಲ್ಲಿಗೆ ತರುವುದು ಬೇಡ. ತರಗೆಲೆ ಗುಡಿಸಿ ಸುಡುವುದೂ ನಿಲ್ಲಲಿ, ಅದೇ ಈ ಮಣ್ಣಿನ ಗೊಬ್ಬರ. ಬೆಂಕಿ ಹರಡದಂತೆ ಬಿಡುವ ತೆರವು ಪಟ್ಟಿಗಳನ್ನು, ಅಂದರೆ ಬೆಂಕಿರೇಖೆಗಳನ್ನು ಮಾತ್ರ ಹುಲ್ಲು ಒಣಗುವ ಮೊದಲೇ ಸವರಿಡಬೇಕು.

ತೊಡಕಿರುವುದು ಟೆಂಡರ್‌ನಲ್ಲಿ. ನೆಟ್ಟ ಸಸಿಗಳನ್ನು ಎಣಿಸಿ ಬಿಲ್ ಪಾಸ್ ಮಾಡಿದರೆ ಗುತ್ತಿಗೆದಾರರು ಸಸಿಯನ್ನಷ್ಟೇ ನೆಡುತ್ತಾರೆ, ಮೊಳಕೆ ಕೀಳಲು ಮರಳಿ ಬರುವುದಿಲ್ಲ. ಹಣವನ್ನು ಮೂರು ಕಂತು ಮಾಡಿ, ಪ್ರತಿ ಮಳೆಗಾಲದ ನಂತರ ಲಂಟಾನ ಎಷ್ಟು ಮರಳಿದೆ, ಸ್ಥಳೀಯ ಹುಲ್ಲು ಎಷ್ಟು ಹಬ್ಬಿದೆ ಎಂದು ಗುರುತು ಮಾಡಿದ ನೆಲದ ತುಂಡುಗಳಲ್ಲಿ ಅಳೆದ ಮೇಲಷ್ಟೇ ಬಿಡುಗಡೆ ಮಾಡಿ. ಮುಂದಿನ ಕಾರ್ಯಯೋಜನೆಗೆ ಸಹಿ ಹಾಕುವ ಮುನ್ನ ಈ ಷರತ್ತು ಸೇರಿಸಬೇಕೆಂದು ಕೋರುತ್ತೇವೆ.

ಇಂತಿ,
ನಗರದ ಕಾಡುಗಳ ಪುನಶ್ಚೇತನದಲ್ಲಿ ತೊಡಗಿರುವವರು