ಚಾಕಿನ ಒರೆಯ ವಿಷಯವಾಗಿ ಅಪ್ಪನಿಗೆ

ಶೆಫೀಲ್ಡ್, ಇಂಗ್ಲೆಂಡ್

ತೀರ್ಥರೂಪ ಅಪ್ಪನವರ ಪಾದಗಳಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅವ್ವನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುವಂಥ ಒಂದು ಕೆಲಸದ ವಿಷಯವಿದೆ, ಅದಕ್ಕಾಗಿಯೇ ಈ ಕಾಗದ ಬರೆಯುತ್ತಿದ್ದೇನೆ.

ಶೆಫೀಲ್ಡ್ ಚಾಕು ಮಾಡುವವರ ಊರು. ಇಲ್ಲಿಯ ಚಾಕು ಕಸುಬುದಾರರ ಸಂಘ 1624ರಲ್ಲಿಯೇ ಸಂಸತ್ತಿನ ಕಾಯಿದೆಯಿಂದ ಸ್ಥಾಪನೆಯಾಯಿತು. ಹ್ಯಾರಿ ಬ್ರಿಯರ್ಲಿ 1913ರಲ್ಲಿ ಸ್ಟೇನ್‌ಲೆಸ್ ಉಕ್ಕು ಮಾಡಿದ್ದೂ ಈ ಊರಿನಲ್ಲಿಯೇ. ಚಪ್ಪಲಿ ಹೊಲಿಯುವ ನಿಮ್ಮಂತೆ ಒಂದೇ ಕೋಣೆಯಲ್ಲಿ ಕುಳಿತು ಸ್ವಂತ ದುಡಿಯುತ್ತಿದ್ದ ಕಸುಬುದಾರರನ್ನು ಇಲ್ಲಿ ‘ಲಿಟ್ಲ್ ಮೆಸ್ಟರ್’ ಎಂದು ಕರೆಯುತ್ತಿದ್ದರು. ನಮ್ಮ ಕಾರ್ಖಾನೆಯ ಹಿರಿಯರೊಬ್ಬರು ರಜೆಯ ದಿನಗಳಲ್ಲಿ ಹಾಗೆಯೇ ಚಾಕು ಮಾಡುತ್ತಾರೆ. ಅವು ಮಡಚುವ ಚಾಕುಗಳಲ್ಲ, ಅಲಗು ಹಿಡಿಯೊಳಗೆ ಇಳಿದು ಅಲುಗದಂತೆ ನಿಂತಿರುವ ಚಾಕುಗಳು. ಒರೆಯಿಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ. ಕಾಡಿನಲ್ಲಿ ಬಿಡಾರ ಹೂಡುವವರು, ಮರ ಕೆತ್ತುವವರು ಕೊಳ್ಳುತ್ತಾರೆ. ತಕ್ಕ ಕಾರಣವಿಲ್ಲದೆ ಅಂಥ ಚಾಕನ್ನು ಹೊರಗೆ ಇಟ್ಟುಕೊಂಡು ತಿರುಗುವುದು ಇಲ್ಲಿ ಅಪರಾಧ.

ಒಂದು ಚಾಕಿನ ಅಳತೆಗೆ ಒಂದೇ ಒರೆ ಹೊಲಿಯುವ ಈ ಕೆಲಸವನ್ನು ನಾನು ಕಳೆದ ಚಳಿಗಾಲದಿಂದ ಅವರ ಬಳಿ ಕಲಿಯುತ್ತಿದ್ದೇನೆ. ಮೊದಲ ದಿನ ಅವರು ಚರ್ಮ ಹಾಸಿದಾಗ, ಇದು ತೊಗಟೆಯಿಂದ ಹದ ಮಾಡಿದ್ದು ಎಂದು ನಾನೇ ಹೇಳಿದೆ. ಕೊಯ್ದ ಅಂಚಿನಲ್ಲಿ ನೀಲಿ ಬೂದು ಕಂಡರೆ ಕ್ರೋಮ್ ಲವಣದಿಂದ ಹದ ಮಾಡಿದ್ದು, ಒಳಗೂ ಹೊರಗೂ ಒಂದೇ ಕಂದು ಇದ್ದರೆ ತೊಗಟೆಯದು ಎಂದು ಚರ್ಮ ಕೊಳ್ಳುವಾಗ ನೀವು ತೋರಿಸುತ್ತಿದ್ದುದು ನನಗೆ ಮರೆತಿರಲಿಲ್ಲ. ನಮ್ಮಲ್ಲಿ ಜಾಲಿ ತೊಗಟೆ, ಅಳಲೆಕಾಯಿ. ಇಲ್ಲಿ ಓಕ್ ಮರದ ತೊಗಟೆ. ಡೆವನ್ ಪ್ರಾಂತ್ಯದ ಕಾಲಿಟನ್ ಊರಿನಲ್ಲಿ ಇಂದಿಗೂ ಹಾಗೆ ಹದ ಮಾಡುತ್ತಾರೆ. ಅಲ್ಲಿ ಒಂದು ಚರ್ಮ ಸಿದ್ಧವಾಗಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಧಾರವಾಡ ಜಿಲ್ಲೆಯೂ ಸೇರಿದೆ ಎಂದು ತಿಳಿಸಿದಾಗ, ನೀವು ಹೊಲಿದ ಒಂದು ಒರೆಯನ್ನು ನೋಡಬೇಕೆಂದು ಅವರೇ ಕೇಳಿದರು.

ಚರ್ಮದ ಬಗ್ಗೆ ನಿಮಗೆ ನಾನು ಹೇಳುವಂಥದ್ದು ಏನೂ ಇಲ್ಲ. ಆದರೆ ಚಪ್ಪಲಿಯ ಹೊಲಿಗೆಯನ್ನು ಸವೆಸುವುದು ನೆಲವಾದರೆ, ಒರೆಯ ಹೊಲಿಗೆಯನ್ನು ಕೆಡಿಸುವುದು ಒಳಗಿರುವ ಅಲಗು. ನನ್ನ ಮೊದಲ ಒರೆಯಲ್ಲಿ ಎರಡು ಪದರುಗಳನ್ನು ನೇರವಾಗಿ ಕೂಡಿಸಿ ಹೊಲಿದಿದ್ದೆ. ನಾಲ್ಕನೆಯ ಸಲ ಚಾಕು ಇಳಿಸುವಾಗ ದಾರ ಕೊಯ್ದುಹೋಗಿ ಅಲಗು ಬದಿಯಿಂದ ಹೊರಗೆ ಕಂಡಿತು. ಸೊಂಟದಲ್ಲಿದ್ದರೆ ತೊಡೆಗೆ ನಾಟುತ್ತಿತ್ತು. ಆದ್ದರಿಂದ ಹರಿತವಿರುವ ಬದಿಯಲ್ಲಿ, ಎರಡು ಪದರುಗಳ ನಡುವೆ ಅದೇ ಚರ್ಮದ ಪಟ್ಟಿಯೊಂದನ್ನು ಅಲಗಿನ ಬಾಗಿಗೆ ಸರಿಯಾಗಿ ಕತ್ತರಿಸಿ ಅಂಟಿಸಿ, ಮೂರನ್ನೂ ಕೂಡಿಸಿ ಹೊಲಿಯಬೇಕು. ಆಗ ಅಲಗು ತಾಗುವುದು ಪಟ್ಟಿಗೆ, ದಾರಕ್ಕಲ್ಲ. ಹೊಲಿಗೆಗೆ ಚರ್ಮದ ಬಾರು ಬೇಡ. ಅಗಸೆ ನಾರಿನ ದಾರಕ್ಕೆ ಜೇನುಮೇಣ ಸವರಿ, ಎರಡೂ ತುದಿಗೆ ಸೂಜಿ ಪೋಣಿಸಿ, ಪ್ರತಿಯೊಂದು ತೂತಿನಲ್ಲಿಯೂ ಎರಡು ಕಡೆಯಿಂದ ಹಾಯಿಸಿ ಎಳೆಯಬೇಕು. ಒಂದು ಕಡೆ ಹರಿದರೂ ಉಳಿದ ಹೊಲಿಗೆ ಬಿಚ್ಚುವುದಿಲ್ಲ. ಮಷಿನ್ ಹೊಲಿಗೆಗೆ ಆ ಗಟ್ಟಿತನವಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಮೇಲಿನ ಕೆಲಸ. ಹೊಲಿದ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ, ತೆಳುವಾದ ಪ್ಲಾಸ್ಟಿಕ್ ಸುತ್ತಿದ ಚಾಕನ್ನು ಒಳಗಿಳಿಸಿ, ಹಿಡಿಯ ಉಬ್ಬುತಗ್ಗುಗಳ ಮೇಲೆ ಹೆಬ್ಬೆರಳಿನಿಂದ ಒತ್ತುತ್ತ ಹೋದರೆ ಚರ್ಮ ನಿಧಾನವಾಗಿ ಆ ಆಕಾರವನ್ನೇ ತಾಳುತ್ತದೆ. ನೆರಳಿನಲ್ಲಿ ಒಣಗಿದ ಮೇಲೆ ಗುಂಡಿ ಪಟ್ಟಿಗಳಿಲ್ಲದೆಯೇ ಚಾಕು ಒಳಗೆ ನಿಲ್ಲುತ್ತದೆ. ಬೇಗ ಒಣಗಲೆಂದು ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಕ್ರೋಮ್ ಚರ್ಮ ಹೀಗೆ ಆಕಾರ ಹಿಡಿಯುವುದಿಲ್ಲ, ಅದರಲ್ಲಿರುವ ಲವಣಗಳು ಅಲಗಿಗೆ ತುಕ್ಕನ್ನೂ ತರುತ್ತವೆ. ಹಾಗೆಂದು ತೊಗಟೆಯ ಒರೆಯಲ್ಲಿಯೂ ಚಾಕನ್ನು ತಿಂಗಳುಗಟ್ಟಲೆ ಬಿಡಬಾರದು, ಚರ್ಮ ತೇವ ಹೀರುತ್ತದೆ. ಆಷಾಢದ ಮಳೆಯಲ್ಲಿ ನಮ್ಮ ಅಟ್ಟದ ಚಪ್ಪಲಿಗಳಿಗೆ ಬೂಸ್ಟು ಹಿಡಿದು ಅವ್ವ ಒಂದೊಂದನ್ನೇ ಒರೆಸುತ್ತಿದ್ದುದು ನಿಮಗೆ ಗೊತ್ತಿದ್ದದ್ದೇ. ಕಾಕಾ ಮಾವಿನ ತೋಟದಲ್ಲಿ ಗೋಣಿ ಚೂರಿನಲ್ಲಿ ಸುತ್ತಿ ಒಯ್ಯುವ ಚೂರಿಗೆ ನೀವು ಮೊದಲು ಒಂದು ಒರೆ ಮಾಡಿ ನೋಡಿದರೆ ಕೈಗೆ ಅಳತೆ ಸಿಗುತ್ತದೆ. ಕಾಕಾನಿಗೂ ಅದು ಬೇಕೇ ಬೇಕು.

ಚಾಕನ್ನೇ ಕಳುಹಿಸುವುದು ಕಷ್ಟವಾದ್ದರಿಂದ, ಅದೇ ಅಳತೆಯ ಮರದ ಅಚ್ಚೊಂದನ್ನು ಕೆತ್ತಿ, ವಾರ್ನಿಶ್ ಹಚ್ಚಿ, ಶ್ರಾವಣದಲ್ಲಿ ಹುಬ್ಬಳ್ಳಿಗೆ ಬರುವ ಗೆಳತಿಯ ಕೈಯಲ್ಲಿ ಕಳುಹಿಸುತ್ತೇನೆ. ಅಲಗು 10 ಸೆಂಟಿಮೀಟರ್ ಉದ್ದ, 4 ಮಿಲಿಮೀಟರ್ ದಪ್ಪವಿದೆ. ಚರ್ಮ 3 ಮಿಲಿಮೀಟರಿಗಿಂತ ತೆಳುವಾಗದಿರಲಿ. ಕಟ್ಟಿಕೊಳ್ಳುವವರು ಎಡಚರು, ಆದ್ದರಿಂದ ಕಾಗದದ ಪಡಿಯಚ್ಚನ್ನು ಮೊದಲೇ ಮಗುಚಿ ಬರೆದಿದ್ದೇನೆ. ನೀವು ಮತ್ತೆ ತಿರುಗಿಸಬೇಡಿ.

ಬೆಲೆಯನ್ನು ನೀವೇ ಹೇಳಬೇಕು, ಅಪ್ಪ. ವ್ಯಾಪಾರಿ ಜೋಡಿಗೆ ಇಷ್ಟೆಂದು ಹೇಳಿದ್ದಕ್ಕೆ ಇಷ್ಟು ವರ್ಷ ತಲೆಯಾಡಿಸಿದಿರಿ; ಇದರಲ್ಲಿ ಹಾಗಾಗುವುದು ಬೇಡ. ಕತ್ತರಿಸಲು, ಹೊಲಿಯಲು, ಅಂಚು ಉಜ್ಜಿ ಮೇಣ ಹಾಕಲು ಎಷ್ಟೆಷ್ಟು ಗಂಟೆ ಹಿಡಿಯಿತೆಂದು ತಮ್ಮನಿಂದ ಬರೆಸಿಡಿ.

ಇನ್ನೊಂದು ಮಾತು ಅವ್ವನಿಗೆ: ಚಪ್ಪಲಿಗೆ ಹೆಣೆಯುವ ಜಡೆಯನ್ನು ಒರೆಯ ಮುಂಭಾಗಕ್ಕೂ ಹೆಣೆದು ಕೊಟ್ಟರೆ ನನಗೆ ಬಹಳ ಸಂತೋಷ. ಅದು ಬಾಯಿಂದ ಎರಡು ಬೆರಳಷ್ಟು ಕೆಳಗಿರಲಿ, ಇಲ್ಲವಾದರೆ ಚಾಕು ಹಿರಿಯುವಾಗ ಹೆಬ್ಬೆರಳಿಗೆ ಅಡ್ಡ ಬರುತ್ತದೆ.

ಇಂತಿ ನಿಮ್ಮ ಮಗಳು