ರಾತ್ರಿ ಪಾಳಿಯ ಹೆಸರು

ವಿಜಯಪುರ,
ಆಷಾಢ ಬಹುಳ ದಶಮಿ

ಚಿ. ಸೌ. ಮಗಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಬಂದು ಮುಟ್ಟಿತು. ಮನೆಯ ಸುದ್ದಿಗಳನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನಾದ್ದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪತ್ರದ ಕೊನೆಗೆ, ಜಾಗ ಸಾಲದೆ ಹಾಳೆಯ ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದ ಒಂದು ಸಾಲು ಮಾತ್ರ ಎರಡು ದಿನಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ‘ರಾತ್ರಿ ಪಾಳಿಗೆ ಒಬ್ಬಳನ್ನೇ ಹಾಕಬೇಕಾಗಿ ಬಂದಾಗ ಕೈ ನಡುಗುತ್ತದೆ ಅತ್ತೆ, ಏನಾದರೂ ಆದರೆ ಆ ಹೆಸರು ಬರೆದವಳು ನಾನೇ ಅಲ್ಲವೆ’ ಎಂದು ಕೇಳಿರುವೆ. ನೀನು ವಾರ್ಡ್ ಇನ್‌ಚಾರ್ಜ್ ಆದೆಯೆಂದು ನಿನ್ನ ಅಪ್ಪ ಬೆಳಗಾವಿಯಿಂದ ಕುಂದಾ ತಂದು ಇಡೀ ಓಣಿಗೆ ಹಂಚಿಹೋದ ಮನೆಯಿದು. ಆ ಸಾಲನ್ನು ಇಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಹೆದರಬೇಡ ಎಂದು ಬರೆಯಲು ಕುಳಿತೆ, ಆದರೆ ಬರೆಯಲಾಗಲಿಲ್ಲ. ಹದಿನಾಲ್ಕು ವರ್ಷ ಡ್ಯೂಟಿ ಪಟ್ಟಿ ಬರೆದವಳು ನಾನು, ಮತ್ತು ನಿನಗೆ ಈಗಲೇ ಬಂದಿರುವ ಆ ನಡುಕ ನನಗೆ ಬರಬೇಕಾಗಿದ್ದ ಹೊತ್ತಿಗೆ ಬರಲಿಲ್ಲ.

ಮೊದಲು ಲೆಕ್ಕದ ಮಾತನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ನಿನ್ನ ಹೆದರಿಕೆಯ ಅರ್ಧ ಭಾಗ ಲೆಕ್ಕದಲ್ಲೇ ಇದೆ. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್, ಐಸಿಯುದಲ್ಲಿ ಹಾಸಿಗೆಗೊಬ್ಬರು, ಅದರ ಮೇಲೆ ವಾರದ ರಜೆಯೂ ಸೇರಿ ಎಲ್ಲ ರಜೆಗಳಿಗೆಂದು ಶೇ. 45ರಷ್ಟು ಮೀಸಲು ಎಂದು ಕೇಂದ್ರ ಸರ್ಕಾರದ ಸಿಬ್ಬಂದಿ ಪರಿಶೀಲನಾ ಘಟಕ ಹಾಕಿಕೊಟ್ಟ ಮಾನದಂಡವನ್ನು ನೀನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀಯೆ. ಅದನ್ನು ಬದಿಗಿಡು. ವಾರ್ಡಿನ ಒಂದು ಕುರ್ಚಿಯಲ್ಲಿ ಹಗಲೂ ರಾತ್ರಿಯೂ ಯಾರಾದರೂ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆಗಳನ್ನು ತುಂಬಬೇಕು. ಒಬ್ಬಳು ವಾರಕ್ಕೆ 48 ಗಂಟೆ ದುಡಿದರೂ ಆ ಒಂದು ಕುರ್ಚಿಗೆ ಮೂರೂವರೆ ಜನ ಬೇಕು. ರಜೆ, ಜ್ವರ, ಬಾಣಂತನ ಎಂದು ಬರೀ ಶೇ. 30ರಷ್ಟು ಸೇರಿಸಿದರೂ ನಾಲ್ಕೂವರೆ ದಾಟುತ್ತದೆ. ಎರಡು ಕುರ್ಚಿಗೆ ಒಂಬತ್ತು ಜನ. ಮೂವತ್ತು ಹಾಸಿಗೆಯ ವಾರ್ಡಿಗೆ ನಿನ್ನ ಕೈಯಲ್ಲಿರುವವರು ಏಳು ಜನ. ಇಲ್ಲದ ಆ ಇಬ್ಬರ ಕೊರತೆ ಹಗಲಿನಲ್ಲಿ ಯಾರಿಗೂ ಕಾಣುವುದಿಲ್ಲ. ಡಾಕ್ಟರರ ರೌಂಡ್ಸ್ ಇರುತ್ತದೆ, ನರ್ಸಿಂಗ್ ಕಾಲೇಜಿನ ಹುಡುಗಿಯರು ಇರುತ್ತಾರೆ, ನೀನೂ ಇರುತ್ತೀಯೆ. ಆ ಕೊರತೆ ರಾತ್ರಿಯ ಖಾನೆಗೆ ಬಂದು ಕೂರುತ್ತದೆ. ಆಡಳಿತದವರು ಮೂರು ಪಾಳಿ, ಮೂರು ಜನ ಎಂದು ಬೆರಳು ಮಡಚಿ ಎಣಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೆರಿಗೆ ರಜೆ 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿದ್ದು ಬಹಳ ಒಳ್ಳೆಯದಾಯಿತು, ಆದರೆ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಕ್ಕಳೇ ತುಂಬಿರುವ ವಾರ್ಡಿನಲ್ಲಿ ವರ್ಷಕ್ಕೆ ಇಬ್ಬರಾದರೂ ಬಾಣಂತಿಯರಾಗುತ್ತಾರೆಂಬುದನ್ನು ಪಗಾರದ ಲೆಕ್ಕ ಬರೆಯುವವರು ಯಾವ ವರ್ಷವೂ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಹೆಸರು ಬರೆದವಳು ನೀನಾದರೂ, ಇರಬೇಕಾದ ಎರಡು ಹೆಸರುಗಳನ್ನು ಕೊಡದವರು ಬೇರೆ ಎಂದು ನಿನಗೆ ಸಮಾಧಾನ ಹೇಳಬಹುದಿತ್ತು. ಅದೇ ಸಮಾಧಾನವನ್ನು ನಾನು ಒಮ್ಮೆ ನನಗೇ ಹೇಳಿಕೊಂಡಿದ್ದೆನಾದ್ದರಿಂದ ನಿನಗೆ ಹೇಳಲು ಮನಸ್ಸು ಒಪ್ಪುತ್ತಿಲ್ಲ.

ಬಾಗಲಕೋಟೆ ಇನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು, ಎಂದರೆ 1997ಕ್ಕೆ ಮೊದಲಿನ ಮಾತು. ಆ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಇನ್‌ಚಾರ್ಜ್ ಆಗಿದ್ದೆ. ಮಂಜೂರಾದ ಹುದ್ದೆಗಳಲ್ಲಿ ಮೂರು ಖಾಲಿ ಇದ್ದವು. ಶ್ರಾವಣ ಬಂದಿತ್ತು. ಪಂಚಮಿಗೆ ತವರಿಗೆ ಹೋಗುವ ಆಸೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಷ್ಟಿರುತ್ತದೆಂದು ನಿನಗೆ ನಾನು ಹೇಳಬೇಕಿಲ್ಲ. ಪಂಚಮಿಯ ರಾತ್ರಿಗೆ ನಾನು ಎರಡು ಹೆಸರು ಬರೆದಿದ್ದೆ, ಒಬ್ಬಳು ಹೆರಿಗೆ ಕೋಣೆಗೆ, ಇನ್ನೊಬ್ಬಳು ಉಳಿದ ವಾರ್ಡಿಗೆ. ಹಿಂದಿನ ದಿನ ಮಧ್ಯಾಹ್ನ ಮೊದಲನೆಯವಳ ಅಣ್ಣ ಅವಳನ್ನು ಕರೆದೊಯ್ಯಲು ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮದುವೆಯಾದ ಮೇಲಿನ ಮೊದಲ ಪಂಚಮಿ. ಅವಳು ಬಾಯಿ ಬಿಟ್ಟು ಕೇಳಲೂ ಇಲ್ಲ, ಬಾಗಿಲ ಬಳಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆಗ ಪಟ್ಟಿಯನ್ನು ನಾವು ಮೊದಲು ಪೆನ್ಸಿಲ್ಲಿನಲ್ಲಿ ಬರೆದು ವಾರ ಮುಗಿದ ಮೇಲೆ ಶಾಯಿಯಲ್ಲಿ ತಿದ್ದುತ್ತಿದ್ದೆವು. ನಾನು ರಬ್ಬರ್ ತೆಗೆದುಕೊಂಡು ಅವಳ ಹೆಸರನ್ನು ಅಳಿಸಿದೆ, ಹೋಗಿ ಬಾ ಎಂದೆ. ಉಳಿದವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಅದು ಅವಳ ಐದನೆಯ ರಾತ್ರಿಯಾಗಿತ್ತು. ಒಂದು ರಾತ್ರಿಯಷ್ಟೇ, ನಡೆದುಹೋಗುತ್ತದೆ ಎಂದುಕೊಂಡೆ. ಕೈ ನಡುಗಲಿಲ್ಲ.

ಹಾವು ಕಚ್ಚಿದ ಹುಡುಗನೊಬ್ಬನನ್ನು ರಾತ್ರಿ ಎರಡು ಗಂಟೆಗೆ ಹೊಲದಿಂದ ಹೊತ್ತು ತಂದರು. ಅವಳು ವಿಷದ ಮದ್ದಿನ ಬಾಟಲಿ ಏರಿಸಿ, ಅವನ ಉಸಿರು ನೋಡುತ್ತ, ಕದಲದೆ ಅಲ್ಲಿಯೇ ನಿಂತಿದ್ದಾಳೆ, ನಿಲ್ಲಬೇಕಾದದ್ದೂ ಸರಿಯೇ. ಆಚೆ ಕೋಣೆಯಲ್ಲಿ ಸಂಜೆ ಹೆತ್ತಿದ್ದ ಹೆಣ್ಣುಮಗಳು ಸದ್ದಿಲ್ಲದೆ ರಕ್ತ ಹೋಗುತ್ತ ಮಲಗಿದ್ದಾಳೆ. ನಾಲ್ಕು ಗಂಟೆಯ ಹೊತ್ತಿಗೆ ಆಯಾ ಹಾಸಿಗೆ ಒದ್ದೆಯಾದುದನ್ನು ಕಂಡು ಕೂಗಿದಳು. ಡಾಕ್ಟರರು ಬಂದರು, ಜೀಪಿನಲ್ಲಿ ಬಿಜಾಪುರಕ್ಕೆ ಸಾಗಿಸಿದರು, ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ಅವಳಿಗೆ ಅದು ಚೊಚ್ಚಲ ಹೆರಿಗೆಯಾಗಿತ್ತು.

ವಿಚಾರಣೆ ನಡೆಯಿತು. ಪಟ್ಟಿಯನ್ನು ಕೇಳಿದರು. ನಾನು ಆ ವೇಳೆಗೆ ರಾತ್ರಿಯ ಖಾನೆಯಲ್ಲಿ ಇದ್ದ ಒಂದೇ ಹೆಸರನ್ನು ಶಾಯಿಯಲ್ಲಿ ತಿದ್ದಿದ್ದೆ. ಹುದ್ದೆಗಳು ಖಾಲಿ ಇರುವುದರಿಂದ ಲಭ್ಯವಿರುವ ಸಿಬ್ಬಂದಿಯನ್ನು ನಿಯಮದಂತೆ ಹಾಕಲಾಗಿದೆ ಎಂದು ಬರೆದುಕೊಟ್ಟೆ. ಅದರಲ್ಲಿ ಸುಳ್ಳು ಎನ್ನಬಹುದಾದ ಒಂದು ಪದವೂ ಇರಲಿಲ್ಲ. ಕರ್ತವ್ಯಲೋಪದ ಮೆಮೊ ಆ ಹುಡುಗಿಗೆ ಹೋಯಿತು. ಅವಳು ರಿಜಿಸ್ಟರನ್ನು ಹಿಡಿದುಕೊಂಡು ನನ್ನ ಕೋಣೆಗೆ ಬಂದು, ರಬ್ಬರಿಗೆ ಸವೆದು ತೆಳುವಾಗಿದ್ದ ಆ ಖಾನೆಯ ಮೇಲೆ ಬೆರಳಿಟ್ಟು, ‘ಸಿಸ್ಟರ್, ಇಲ್ಲಿ ಇನ್ನೊಂದು ಹೆಸರಿತ್ತಲ್ರೀ?’ ಎಂದು ಕೇಳಿದಳು. ನಾನು ಔಷಧಿಯ ಇಂಡೆಂಟ್ ಬರೆಯುವುದನ್ನು ಮುಂದುವರಿಸಿದೆ. ಆ ವರ್ಷದ ದೀಪಾವಳಿಗೆ ಮೊದಲೇ ಅವಳು ಕೆಲಸ ಬಿಟ್ಟಳು.

ಆದ್ದರಿಂದ, ಮಗಳೆ, ಹೆಸರು ಬರೆದವಳು ನಾನೇ ಅಲ್ಲವೆ ಎಂಬ ನಿನ್ನ ಪ್ರಶ್ನೆಗೆ ಹೌದು ಎಂದೇ ನಾನು ಉತ್ತರಿಸಬೇಕಾಗಿದೆ. ಆದರೆ ಹೆಸರನ್ನು ಬರೆದದ್ದಕ್ಕಿಂತ ಅಳಿಸಿದ್ದೇ ನನ್ನನ್ನು ಇಷ್ಟು ವರ್ಷ ಕಾಡಿದೆ. ಒಬ್ಬಳ ಮೇಲೆ ಮರುಕಪಟ್ಟು ಕೊಟ್ಟ ರಜೆಯ ಸಾಲವನ್ನು ಇನ್ನೊಬ್ಬಳು ತೀರಿಸುತ್ತಾಳೆಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಇಂದಿಗೂ ಆ ಅಣ್ಣನ ಮುಖ ನೆನಪಿಗೆ ಬಂದರೆ ಮತ್ತೆ ಹೋಗಿ ಬಾ ಎಂದೇ ಅನ್ನುತ್ತಿದ್ದೆನೋ ಏನೋ, ಆದರೆ ಆ ರಾತ್ರಿ ನಾನೇ ಹೋಗಿ ಹೆರಿಗೆ ಕೋಣೆಯಲ್ಲಿ ಕೂರಬಹುದಿತ್ತು. ನನ್ನ ಕ್ವಾರ್ಟರ್ಸ್ ಆಸ್ಪತ್ರೆಯ ಹಿಂದೆಯೇ ಇತ್ತು.

ಇನ್ನು ಏನು ಮಾಡಬೇಕೆಂದು ಹೇಳುವಷ್ಟು ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು, ಮತ್ತು ನಿಮ್ಮ ಖಾಸಗಿ ಆಸ್ಪತ್ರೆಯ ರೀತಿನೀತಿಗಳು ಬೇರೆ. ಆದರೂ ಪಟ್ಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಡ. ಬದಲಾಯಿಸಬೇಕಾದರೆ ಹಳೆಯ ಹೆಸರು ಕಾಣುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನೂ ನಿನ್ನ ಸಹಿಯನ್ನೂ ಹಾಕು. ಕಂಪ್ಯೂಟರಿನಲ್ಲಿ ಮಾಡುವುದಾದರೆ ಹಳೆಯ ಪ್ರತಿಯನ್ನು ತೆಗೆದಿಡು. ಒಬ್ಬಳನ್ನೇ ಹಾಕಬೇಕಾಗಿ ಬಂದ ಪ್ರತಿ ರಾತ್ರಿಯನ್ನೂ ತಾರೀಖಿನ ಸಮೇತ ಗುರುತು ಹಾಕಿಕೊಂಡು, ತಿಂಗಳ ಕೊನೆಗೆ ಮೇಲಿನವರಿಗೆ ಒಂದು ಪತ್ರ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ತೆಗೆದುಕೊ. ಜನ ಸಾಲದು ಎಂದು ಬಾಯಲ್ಲಿ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ, 168 ಗಂಟೆಯ ಲೆಕ್ಕವನ್ನು ಹಾಕಿ ತೋರಿಸು. ಇದರಿಂದ ನಿನಗೆ ಕಿರಿಕಿರಿಯಾದೀತು. ಪೆನ್ಶನ್ ತೆಗೆದುಕೊಂಡು ಮನೆಯಲ್ಲಿ ಕುಳಿತವಳು ಹೀಗೆ ಹೇಳುವುದು ಸುಲಭವೆಂಬುದೂ ನನಗೆ ಗೊತ್ತಿದೆ.

ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ ಎಂಟಕ್ಕೆ ಖಾನಾಪುರದ ಬಸ್ಸಿಗೆ ಓಡುವವಳನ್ನು ಮರುದಿನ ಬೆಳಗಿನ ಎಂಟಕ್ಕೆ ಕರೆಯಬೇಡ. ಅವಳು ಮನೆ ಮುಟ್ಟಿ, ಉಂಡು, ಮಲಗಿ ಏಳುವುದರೊಳಗೆ ಬಸ್ಸು ಮತ್ತೆ ಬಂದಿರುತ್ತದೆ. ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಹೋಗುವುದನ್ನು ದೇಹ ಹೇಗೋ ತಡೆದುಕೊಳ್ಳುತ್ತದೆ, ಹಿಂದುಮುಂದಾದರೆ ಕಷ್ಟ. ಮೂರರಿಂದ ಐದರವರೆಗಿನ ಹೊತ್ತು ಎಂಥವರನ್ನೂ ಮಂಕಾಗಿಸುವ ಹೊತ್ತು, ಆ ಹೊತ್ತಿಗೆ ನಿಮ್ಮ ರಾತ್ರಿ ಸೂಪರ್‌ವೈಸರ್ ಒಂದು ಸುತ್ತು ಬರುವಂತೆ ಕೇಳಿಕೊಳ್ಳಬಹುದೇ, ನೋಡು. ಹೊಸಬರಿಬ್ಬರನ್ನು ಜೋಡಿ ಮಾಡಿದರೆ ಪಟ್ಟಿಯಲ್ಲಿ ಇಬ್ಬರಾಗುತ್ತಾರೆ, ವಾರ್ಡಿನಲ್ಲಿ ಒಬ್ಬರೂ ಆಗುವುದಿಲ್ಲ. ಹಬ್ಬದ ರಜೆಯ ವಿಷಯದಲ್ಲಿ ಮಾತ್ರ ನಾನು ಆಮೇಲೆ ಒಂದಿಷ್ಟು ಕಲಿತೆ. ಕ್ರಿಶ್ಚಿಯನ್ ಸಿಸ್ಟರ್‌ಗಳು ಪಂಚಮಿಯ ರಾತ್ರಿಯನ್ನು ನೋಡಿಕೊಳ್ಳುತ್ತಿದ್ದರು, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ನಾನು ನಿವೃತ್ತಳಾಗುವವರೆಗೂ ತಪ್ಪದೆ ನನ್ನದಾಗಿತ್ತು. ಹೋದ ವರ್ಷ ಯಾರಿಗೆ ಪಂಚಮಿ ಸಿಕ್ಕಿತ್ತೆಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ ಮೇಲೆ ಬಾಗಿಲ ಬಳಿ ಬಂದು ನಿಲ್ಲುವವರು ಕಡಿಮೆಯಾದರು.

ಆ ಹುಡುಗಿಯನ್ನು ಆಮೇಲೆ ಒಮ್ಮೆ ಇಲ್ಲಿಯ ಬಸ್ ನಿಲ್ದಾಣದಲ್ಲಿ ಕಂಡೆ. ಗುರುತು ಹಿಡಿದು ನಮಸ್ಕಾರ ಮಾಡಿದಳು, ಜೊತೆಗಿದ್ದ ಮಗನಿಗೆ ‘ಇವರು ನಮ್ಮ ಸಿಸ್ಟರ್’ ಎಂದು ಹೇಳಿದಳು. ಎರಡನೆಯ ಹೆಸರು ಇತ್ತು ಎಂದು ಅಂದಾದರೂ ಹೇಳಬಹುದಿತ್ತು. ಅವಳ ಬಸ್ಸು ಬಂತು.

ಪಂಚಮಿಗೆ ಇನ್ನು ಹತ್ತು ದಿನ. ನಿನ್ನ ಪಟ್ಟಿಯೂ ಇಷ್ಟರಲ್ಲೇ ಸಿದ್ಧವಾಗಬೇಕು. ಗೋಡೆಗೆ ಹಚ್ಚುವ ಮೊದಲು ಅದರ ಒಂದು ಫೋಟೋ ತೆಗೆದು ಕಳುಹಿಸುತ್ತೀಯಾ? ತಿದ್ದುವುದಕ್ಕಲ್ಲ, ರಾತ್ರಿಯ ಖಾನೆಯಲ್ಲಿ ಎಷ್ಟು ಹೆಸರಿವೆಯೆಂದು ನೋಡಬೇಕಾಗಿದೆ.

ಇಂತಿ,
ನಿನ್ನ ಅತ್ತೆ